ಮೊಣಕಾಲು ನೋವು, ಕುರ್ಚಿ ಮತ್ತು ಝಿಕ್ರ್: ಒಂದು ಆಪ್ತಸಲಹೆ ಪ್ರಕರಣ

ಅರವತ್ತರ ಆಸುಪಾಸಿನ ಮಹಿಳೆ. ಎರಡೂ ಮೊಣಕಾಲಲ್ಲಿ ಸವೆತದ ಸಂಧಿವಾತ, ಔಷಧಿ ನಡೆಯುತ್ತಿದೆ. ನೋವಿಗಿಂತ ಹೆಚ್ಚಾಗಿ ಅವರನ್ನು ಕಾಡುತ್ತಿದ್ದದ್ದು ಒಂದೇ ಪ್ರಶ್ನೆ: ಕುರ್ಚಿಯಲ್ಲಿ ಕೂತು ನಮಾಜ್ ಮಾಡಿದರೆ ಈಮಾನ್ (ಧರ್ಮದ ಮೇಲಿನ ನಂಬಿಕೆ) ಕಡಿಮೆಯಾದ ಹಾಗಲ್ಲವೇ? ಹಲ್ಲು ಕಚ್ಚಿ ಸಜ್ದಾಕ್ಕೆ, ಅಂದರೆ ಹಣೆ ನೆಲಕ್ಕೆ ಮುಟ್ಟಿಸಲು, ಇಳಿಯುತ್ತಿದ್ದರು. ಇಶಾ (ರಾತ್ರಿಯ ನಮಾಜ್) ಹೊತ್ತಿಗೆ ಮೊಣಕಾಲು ಊದಿರುತ್ತಿತ್ತು. ಫರ್ಝ್ (ಕಡ್ಡಾಯ ನಮಾಜ್) ಮಾತ್ರ ಎಣಿಸಿದರೂ ದಿನಕ್ಕೆ 17 ರಕಅತ್ (ನಮಾಜಿನ ಒಂದು ಸುತ್ತು), 34 ಸಜ್ದಾ. ಪ್ರತಿ ಸಲವೂ ಮೊಣಕಾಲು ಪೂರ್ತಿ ಮಡಚಿ, ಮೈಭಾರ ಹೊತ್ತು ಏಳಬೇಕು.

ಮೊದಲು ಆ ಗಂಟನ್ನೇ ಬಿಡಿಸಬೇಕಿತ್ತು. ಕಾಯಿಲೆಯಲ್ಲಿದ್ದ ತಮ್ಮ ಸಂಗಾತಿ ಇಮ್ರಾನ್ ಬಿನ್ ಹುಸೈನ್ ಅವರಿಗೆ ಪ್ರವಾದಿಯವರು ಹೇಳಿದ್ದು ಹದೀಸ್ (ಪ್ರವಾದಿವಚನ) ಸಂಗ್ರಹವಾದ ಸಹೀಹ್ ಬುಖಾರಿಯಲ್ಲಿದೆ: ನಿಂತು ಮಾಡು, ಆಗದಿದ್ದರೆ ಕೂತು, ಅದೂ ಆಗದಿದ್ದರೆ ಮಗ್ಗುಲಾಗಿ. ರಿಯಾಯಿತಿ ಧರ್ಮದೊಳಗೇ ಇದೆ. ಇವರಿಗೆ ನಿಲ್ಲಲು, ರುಕೂಗೆ (ನಿಂತು ಸೊಂಟ ಬಾಗಿಸುವ ಭಂಗಿ) ಬಾಗಲು ತೊಂದರೆಯಿಲ್ಲ, ಆದ್ದರಿಂದ ಅವೆರಡೂ ನಿಂತೇ. ಸಜ್ದಾ ಮಾತ್ರ ಕುರ್ಚಿಯಲ್ಲಿ ತಲೆ ಬಾಗಿಸಿ. ಗಾಲಿಯಿಲ್ಲದ, ಪಾದ ನೆಲಕ್ಕೆ ಪೂರ್ತಿ ಊರುವಂಥ ಕುರ್ಚಿ ಬೇಕು. ಸಂದೇಹ ಉಳಿದರೆ ತಿಳಿದ ಆಲಿಮರನ್ನು (ಧರ್ಮಪಂಡಿತರನ್ನು) ಕೇಳಿ ಎಂದೂ ಹೇಳಿದೆವು.

ನಂತರ ಝಿಕ್ರ್, ಅಂದರೆ ದೇವರ ಸ್ಮರಣೆಯ ಪದಗಳನ್ನು ಮತ್ತೆ ಮತ್ತೆ ಹೇಳುವುದು. ನಮಾಜಿನ ಬಳಿಕದ ತಸ್ಬೀಹ್ (ಸುಬ್‌ಹಾನಲ್ಲಾಹ್ 33, ಅಲ್‌ಹಮ್ದುಲಿಲ್ಲಾಹ್ 33, ಅಲ್ಲಾಹು ಅಕ್ಬರ್ 34) ಅವರು ಎರಡೇ ನಿಮಿಷದಲ್ಲಿ ಮುಗಿಸುತ್ತಿದ್ದರು. ಆ ಧಾವಂತದಲ್ಲಿ ಉಸಿರು ಗಂಟಲಲ್ಲೇ ನಿಲ್ಲುತ್ತದೆ, ದವಡೆ, ಹೆಗಲು ಬಿಗಿಯುತ್ತವೆ. ಇಶಾ ಆದ ಮೇಲೆ ಬೆನ್ನಿಗೆ ಆಸರೆ ಕೊಟ್ಟು ಹತ್ತು ನಿಮಿಷ ಕೂರಲು ಹೇಳಿದೆವು: ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಮೆಲ್ಲಗೆ ಹೊರಗೆ, ಹೊರಬಿಡುವಾಗ ಒಂದೇ ಒಂದು ಝಿಕ್ರ್. ತಲೆ ಸುತ್ತಿದರೆ ಸಹಜ ಉಸಿರಿಗೆ ಮರಳಬೇಕು. ನೋವಿನ ಕಡೆ ಮನಸ್ಸು ಜಾರಿದರೆ ಜಗಳವಾಡದೆ ಮತ್ತೆ ಪದಕ್ಕೆ ಬರಬೇಕು. ಬೆರಳ ಗೆಣ್ಣಿನ ಮೇಲೆ ಎಣಿಸುವಾಗ ಹೆಬ್ಬೆರಳ ಬುಡ ನೋಯುತ್ತಿತ್ತು; ತಸ್ಬೀಹ್ ಮಣಿಮಾಲೆ ತೊಡೆಯ ಮೇಲಿಟ್ಟು, ಹಿಡಿತ ಸಡಿಲ ಬಿಟ್ಟು ಎಣಿಸಲಿ.

ಇದರಿಂದ ಸವೆದ ಮೃದ್ವಸ್ಥಿ (ಕೀಲಿನ ಮೆತ್ತನೆಯ ಎಲುಬು) ಬೆಳೆಯುವುದಿಲ್ಲ. ಇದನ್ನು ಮುಚ್ಚಿಡದೆ ಹೇಳಿದೆವು. ಕಡಿಮೆಯಾಗಬಹುದಾದದ್ದು ನೋವಿನ ಸುತ್ತಲಿನ ಭಯ, ಸ್ನಾಯುಬಿಗಿತ, ನಿದ್ದೆಗೇಡು. ಮಾತ್ರೆಯನ್ನಾಗಲಿ, ತೊಡೆಸ್ನಾಯುವಿನ ವ್ಯಾಯಾಮವನ್ನಾಗಲಿ ಬಿಡುವಂತಿಲ್ಲ. ಕೀಲು ಬಿಸಿಯಾಗಿ, ಕೆಂಪಾಗಿ ಊದಿ ಜ್ವರ ಬಂದರೆ ಅಂದೇ ವೈದ್ಯರ ಬಳಿ ಹೋಗಬೇಕು.

ಆರು ವಾರದ ನಂತರ ಬಂದಾಗ ಮೆಟ್ಟಿಲು ಹತ್ತುವಾಗಿನ ನೋವು ಹಾಗೇ ಇತ್ತು. ಸಂಜೆಯ ಊತ ಇಳಿದಿತ್ತು. ಅಝಾನ್ ಕೇಳಿದರೆ ಮೊದಲಿನ ಹಾಗೆ ಎದೆ ಡವಗುಟ್ಟುವುದಿಲ್ಲ ಎಂದರು.