‘ಹೋಲ್ಡ್ ಯುವರ್ ಹಾರ್ಸಸ್’ ಅಂದರೆ ಏನು? ಯಾವಾಗ ಬಳಸಬೇಕು?

ನಮ್ಮ ಕಾಸರಗೋಡಿನ ಮಾತಲ್ಲಿ ಹೇಳುವುದಾದರೆ, ‘ಸ್ವಲ್ಪ ತಡಿ ಮಾರಾಯ!’ ಅಷ್ಟೇ.

ಪದಶಃ ಅರ್ಥ ‘ನಿನ್ನ ಕುದುರೆಗಳನ್ನು ಹಿಡಿದುಕೋ’ ಎಂದು. ಗಾಡಿ ಮುಂದೆ ನುಗ್ಗದಂತೆ ಲಗಾಮು ಎಳೆದು ಹಿಡಿಯುವುದು. 19ನೇ ಶತಮಾನದ ಅಮೆರಿಕದಲ್ಲಿ ಇದು ಆಡುಮಾತಾಗಿ ಬೆಳೆಯಿತು. ಈಗ ಕುದುರೆಗೂ ಇದಕ್ಕೂ ಸಂಬಂಧವಿಲ್ಲ. ದುಡುಕಬೇಡ, ಒಂದು ನಿಮಿಷ ಯೋಚಿಸು ಎಂದಷ್ಟೇ ಅರ್ಥ.

ಒಂದು ವಿಷಯ ಗಮನಿಸಿ. ಇದು ದೀರ್ಘ ತಾಳ್ಮೆಯ ಮಾತಲ್ಲ. ಅಂಗಳದಲ್ಲಿ ಹಾಕಿದ ಅಡಿಕೆ ಒಣಗಿ ಚಾಲಿಯಾಗಲು (ಸಿಪ್ಪೆ ಸಮೇತ ಬಿಸಿಲಲ್ಲಿ ಒಣಗಿಸಿ ಸುಲಿದ ಅಡಿಕೆಗೆ ಚಾಲಿ ಎನ್ನುತ್ತಾರೆ) ಸುಮಾರು 40 ದಿನ ಬಿಸಿಲು ಬೇಕು. ಆ ಕಾಯುವಿಕೆಗೆ ‘ಬಿ ಪೇಶೆಂಟ್’ ಸರಿ. ಆದರೆ ಹತ್ತನೇ ದಿನಕ್ಕೇ ತಮ್ಮ, ‘ರೇಟು ಏರಿದೆ, ಇವತ್ತೇ ಸುಲಿದು ಮಾರೋಣ’ ಎಂದು ಗೋಣಿ ತಂದರೆ? ಆಗ ‘ಹೋಲ್ಡ್ ಯುವರ್ ಹಾರ್ಸಸ್’ ಎನ್ನಿ. ನುಗ್ಗುತ್ತಿರುವವನನ್ನು ಆ ಕ್ಷಣ ತಡೆಯುವ ಮಾತು ಇದು. ‘ಆತುರಗಾರನಿಗೆ ಬುದ್ಧಿ ಮಟ್ಟ’ ಎನ್ನುವ ಗಾದೆ ಇದರ ಹತ್ತಿರ ಬರುತ್ತದೆ. ಆದರೆ ಗಾದೆಯಲ್ಲಿ ಬೈಗುಳವಿದೆ, ಇದರಲ್ಲಿ ಸಲುಗೆ ಜಾಸ್ತಿ.

ಸಲುಗೆ ಇರುವುದರಿಂದಲೇ ಎಚ್ಚರ ಬೇಕು. ಮನೆಯ ಹಿರಿಯರಿಗೆ ‘ತಡಿ ಮಾರಾಯ’ ಅನ್ನುತ್ತೀರಾ? ಇಲ್ಲ ಅಲ್ವಾ! ಹಾಗೆಯೇ ಮೇಲಧಿಕಾರಿಗೆ, ಟೀಚರಿಗೆ ಇದನ್ನು ಹೇಳಬೇಡಿ. ಅರ್ಜಿ, ಪತ್ರಗಳಲ್ಲೂ ಬರೆಯಬೇಡಿ. ಅಲ್ಲಿ ‘ಪ್ಲೀಸ್ ವೇಟ್ ಎ ಮೊಮೆಂಟ್’ ಸಾಕು.

ಇನ್ನು, ‘ಹಾರ್ಸ್’ ಅಲ್ಲ, ‘ಹಾರ್ಸಸ್’. ಒಬ್ಬರಿಗೇ ಹೇಳಿದರೂ ಬಹುವಚನವೇ.