ಕಲ್ಲಡಿಯ ಹುಳ, ಮರದ ಮೇಲಿನ ಕ್ಯಾಮೆರಾ, ಊರ ಬೆಟ್ಟದ ಅಕೇಶಿಯಾ: ನಿಮ್ಮ ಪ್ರಶ್ನೆಗೆ ಉತ್ತರ

ಈ ಸಲ ಬಂದಿದ್ರಲ್ಲಿ ನಾಲ್ಕು ಪ್ರಶ್ನೆ ಆರಿಸ್ಕೊಂಡಿದೀನಿ. ನಾಲ್ಕೂ ನಮ್ಮ ಮಲೆನಾಡಿನವೇ. ನಾಲ್ಕರ ಒಳಗೂ ನಮ್ಮಂಥ ಕಾಡು-ಹೊಳೆ ಅಧ್ಯಯನದವರ ಮೇಲೆ ಒಂದು ಅನುಮಾನ ಕೂತಿದೆ, "ಇವ್ರು ಕಾಡು ಹೊಳೆ ಸುತ್ಕೊಂಡು ಎಂತ ಮಾಡ್ತಾರೆ ಮಾರಾಯ್ರೆ" ಅಂತ. ಅನುಮಾನ ಬಂದಿದ್ದು ಸರೀನೇ, ಕೇಳಿದ್ದು ಇನ್ನೂ ಸರಿ.

ನಮ್ಮ ತೋಟದ ಕೆಳಗಿನ ಹಳ್ಳಕ್ಕೆ ಕಾಲೇಜು ಹುಡುಗ್ರು ಬಂದು ಕಲ್ಲು ಮಗುಚಿ ಮಗುಚಿ ಹುಳ ಎಣಿಸ್ತಿದ್ರು. ಕೇಳಿದ್ರೆ ನೀರಿನ ಪರೀಕ್ಷೆ ಅಂದ್ರು. ನೀರು ಬಾಟ್ಲಿಗೆ ತುಂಬಿ ಲ್ಯಾಬಿಗೆ ಕಳ್ಸಿದ್ರೆ ಆಗಲ್ವಾ? - ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ತಾಲ್ಲೂಕು

ಕಳಿಸ್ಬೇಕು, ಅದೂ ಬೇಕು. ಆದ್ರೆ ಬಾಟ್ಲಿ ನೀರು ಹೇಳೋದು ಅದನ್ನ ತುಂಬಿದ ಹೊತ್ತಿನ ಕತೆ ಅಷ್ಟೇ. ನಿನ್ನೆ ಸಂಜೆ ಯಾರೋ ಮೇಲ್ಗಡೆ ಏನೋ ಚೆಲ್ಲಿದ್ರೆ ಇವತ್ತು ಬೆಳಿಗ್ಗೆ ಅದು ಕೂಡ್ಲಿ ದಾಟಿ ಹೋಗಿರುತ್ತೆ. ಹುಳ ಹಂಗಲ್ಲ, ತಿಂಗಳುಗಟ್ಲೆ ಅದೇ ಕಲ್ಲಿನಡಿ ಬದುಕಿರುತ್ತೆ, ಹೊಳೆಗೆ ಆಗಿದ್ದೆಲ್ಲಾ ಅದಕ್ಕೂ ಆಗಿರುತ್ತೆ.

ನೀವೇ ಒಂದ್ಸಲ ಮಾಡಿ ನೋಡಿ. ನೀರು ಜುಳುಜುಳು ಹರಿಯೋ ಕಡೆ, ಮೊಣಕಾಲುದ್ದಕ್ಕಿಂತ ಕಮ್ಮಿ ಇರೋ ಜಾಗದಲ್ಲಿ ಬಲೆ ಹಿಡಿದು ಅದಕ್ಕೆ ನೀರು ಬರೋ ಕಡೆ ಎರಡು ನಿಮಿಷ ಕಾಲಲ್ಲಿ ಕಲ್ಲು ಕೆದಕಿ, ಬಲೆಗೆ ಬಂದಿದ್ದನ್ನ ಒಂದು ಬಿಳಿ ತಟ್ಟೆಗೆ ಸುರಿದು ಸ್ವಲ್ಪ ಸುಮ್ನೆ ಕೂತ್ಕೊಳ್ಳಿ. ಮೊದಲು ಬರೀ ಕಸ ಅನ್ಸುತ್ತೆ, ಆಮೇಲೆ ಕಸವೇ ಓಡಾಡೋಕೆ ಶುರು ಮಾಡುತ್ತೆ. ಹಿಂದ್ಗಡೆ ಮೂರು ಎಳೆ ಬಾಲ, ಹೊಟ್ಟೆ ಪಕ್ಕ ಗರಿ ತರ ಅಲ್ಲಾಡೋ ಕಿವಿರು ಇದ್ರೆ ಅದು ಮೇಫ್ಲೈ ಮರಿ. ಎರಡೇ ಬಾಲ ಇದ್ದು ಚಪ್ಪಟೆ ಇದ್ರೆ ಹೆಚ್ಚಾಗಿ ಸ್ಟೋನ್‌ಫ್ಲೈ. ಮರಳಿನ ಕಾಳು, ಎಲೆ ಚೂರು ಅಂಟಿಸ್ಕೊಂಡು ತಾನೇ ಮನೆ ಕಟ್ಕೊಂಡು ಅದನ್ನ ಎಳ್ಕೊಂಡೇ ಓಡಾಡೋದು ಕ್ಯಾಡಿಸ್. ಈ ಮೂರೂ ಜಾತಿಯವಕ್ಕೆ ಸಾಮಾನ್ಯವಾಗಿ ಆಮ್ಲಜನಕ ಚೆನ್ನಾಗಿರೋ ನೀರೇ ಆಗ್ಬೇಕು. ಇವು ಕಾಣೆಯಾಗಿ ಬರೀ ಕೆಂಪು ದಾರದಂಥ ಹುಳಾನೇ ತುಂಬಿದ್ರೆ ಚಿಂತೆ ಮಾಡ್ಬೇಕು. ಆ ಕೆಂಪು ಬಣ್ಣ ನಮ್ಮ ರಕ್ತದಲ್ಲಿರೋ ಹಿಮೋಗ್ಲೋಬಿನ್‌ದೇ, ಆಮ್ಲಜನಕ ತೀರಾ ಕಮ್ಮಿ ಇರೋ ಕೊಳಕು ನೀರಲ್ಲೂ ಅದು ಹಂಗೇ ಬದುಕುತ್ತೆ.

ಲ್ಯಾಬಿನವರ ಲೆಕ್ಕಾನೂ ಕೊನೆಗೆ ಇದನ್ನೇ ಹೇಳೋದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪ್ರಕಾರ ಸ್ನಾನಕ್ಕೆ ಅಡ್ಡಿಯಿಲ್ಲ ಅನ್ನೋಕೆ ಲೀಟರ್ ನೀರಲ್ಲಿ ಕರಗಿದ ಆಮ್ಲಜನಕ 5 ಮಿಲಿಗ್ರಾಂಗೆ ಕಮ್ಮಿ ಇರಬಾರದು, ಬಿಒಡಿ (ನೀರಿನ ಕೊಳೆ ಕರಗಿಸೋಕೆ ಸೂಕ್ಷ್ಮಜೀವಿಗಳಿಗೆ ಬೇಕಾಗೋ ಆಮ್ಲಜನಕ) 3 ಮಿಲಿಗ್ರಾಂ ದಾಟಬಾರದು. ತುಂಗಾ ಪಾನ ಗಂಗಾ ಸ್ನಾನ ಅಂತ ಹೇಳ್ಕೊಂಡು ಬಂದ ಊರಿನವರು ನಾವು, ಪಾನ ಬಿಡಿ, ಸ್ನಾನದ ಲೆಕ್ಕ ಆದ್ರೂ ಪಾಸಾಗ್ಬೇಕಲ್ವಾ. ಅದಕ್ಕೇ ಪೇಟೆಗಿಂತ ಮೇಲೆ ಒಂದು ಕಡೆ, ಪೇಟೆ ದಾಟಿದ ಮೇಲೆ ಒಂದು ಕಡೆ ಎಣಿಸ್ಬೇಕು, ಆವಾಗ ವ್ಯತ್ಯಾಸ ಎಲ್ಲಿ ಶುರುವಾಯ್ತು ಅಂತ ಗೊತ್ತಾಗುತ್ತೆ, ಒಳಚರಂಡಿ ದುಡ್ಡು ಎಲ್ಲಿ ಹಾಕ್ಬೇಕು ಅನ್ನೋದೂ.

ನೀವು ಕೇಳದೇ ಇದ್ರೂ ಒಂದು ಮಾತು. ಅಡಿಕೆ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ದ್ರಾವಣ) ಹೊಡೆದ ಮೇಲೆ ಡ್ರಮ್ಮು, ಪೈಪು, ಗನ್ನು ಎಲ್ಲಾ ತೊಳೆಯೋದು ಎಲ್ಲಿ? ಹಳ್ಳದಲ್ಲೇ ಅಲ್ವಾ? ಮೈಲುತುತ್ತ ಅಂದ್ರೆ ತಾಮ್ರ, ಈ ಹುಳಗಳಿಗೂ ಮೀನಿನ ಮರಿಗೂ ಸ್ವಲ್ಪ ಇದ್ರೂ ವಿಷ. ತೊಳೆದ ನೀರು ಹಳ್ಳಕ್ಕೆ ಬಿಡಬೇಡಿ, ದೂರದಲ್ಲಿ ತೊಳೀರಿ.

ಇನ್ನೊಂದು, ನಾನೇ ಮಾಡಿದ ತಪ್ಪು ಇದು. ಹೊಸದ್ರಲ್ಲಿ ಒಂದು ಹಳ್ಳದಲ್ಲಿ ಹುಳಾನೇ ಸಿಗದೆ "ಈ ಹಳ್ಳ ಸತ್ತಿದೆ" ಅಂತ ಪುಸ್ತಕದಲ್ಲಿ ಬರ್ಕೊಂಡೆ. ದಡದಲ್ಲಿ ಕೂತಿದ್ದ ಅಜ್ಜ ಕವಳ ಉಗಿದು, "ನಿನ್ನೆ ರಾತ್ರಿ ಹಳ್ಳ ದಡ ಮೀರಿ ಹೋಯ್ತು, ಹುಳ ನಿನಗೋಸ್ಕರ ಕಾಯ್ತಾ ಕೂರ್ತದಾ" ಅಂದ್ರು. ಮೂರು ವಾರ ಬಿಟ್ಟು ಹೋದ್ರೆ ತಟ್ಟೆ ತುಂಬಾ ಮೇಫ್ಲೈ. ಒಂದು ದಿನದ ಎಣಿಕೆ ಎಣಿಕೆನೇ ಅಲ್ಲ.

ಕಾಡಿನ ದಾರಿಲಿ ಮರಕ್ಕೆ ಎದುರುಬದುರು ಎರಡು ಕ್ಯಾಮೆರಾ ಕಟ್ಟಿದಾರೆ. ಹುಲಿಗಂತೆ. ನಿಜವಾಗ್ಲೂ ಹುಲಿಗೋ, ಸೊಪ್ಪು ತರೋಕೆ ಹೋಗೋ ನಮ್ಮನ್ನ ಹಿಡಿಯೋಕೋ? - ಓದುಗರು, ಭದ್ರಾ ಅಭಯಾರಣ್ಯದ ಅಂಚಿನ ಊರು

ಎರಡು ಎದುರುಬದುರು ಇದೆ ಅಂದ್ರೆ ಅದು ಪಟ್ಟೆಗೋಸ್ಕರ. ಹುಲಿ ಪಟ್ಟೆ ನಮ್ಮ ಹೆಬ್ಬೆಟ್ಟಿನ ಗುರುತಿದ್ದ ಹಾಗೆ, ಒಂದರದ್ದು ಇನ್ನೊಂದಕ್ಕೆ ಇರಲ್ಲ, ಸಾಲದ್ದಕ್ಕೆ ಅದೇ ಹುಲಿಯ ಎಡಗಡೆ ಪಟ್ಟೆ ಬೇರೆ, ಬಲಗಡೆ ಬೇರೆ. ಒಂದೇ ಕಡೆ ಫೋಟೋ ಸಿಕ್ಕಿದ್ರೆ ಒಂದು ಹುಲಿನ ಎರಡು ಅಂತ ಎಣಿಸೋ ಚಾನ್ಸ್ ಇದೆ.

ಲೆಕ್ಕ ಹೆಂಗೆ ಅಂತ ಕೆರೆ ಮೀನಿನ ಉದಾಹರಣೆಲಿ ಹೇಳ್ತೀನಿ. 50 ಮೀನು ಹಿಡಿದು ಗುರುತು ಹಾಕಿ ಬಿಟ್ರಿ ಅನ್ಕೊಳ್ಳಿ. ಸ್ವಲ್ಪ ದಿನ ಬಿಟ್ಟು ಮತ್ತೆ 50 ಹಿಡಿದ್ರೆ ಅದರಲ್ಲಿ ಗುರುತಿರೋದು 10. ಅಂದ್ರೆ ಐದರಲ್ಲಿ ಒಂದಕ್ಕೆ ಗುರುತಿದೆ, ಹಂಗಾಗಿ ಕೆರೇಲಿ ಸುಮಾರು 250 ಮೀನು. ಹುಲಿಗೆ ದೇವರೇ ಗುರುತು ಹಾಕಿ ಕಳಿಸಿದಾನೆ, ನಾವು ಫೋಟೋ ತೆಗೆದ್ರೆ ಸಾಕು. ನಮ್ಮ ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ 1990ರ ದಶಕದಲ್ಲಿ ಈ ವಿಧಾನ ಗಟ್ಟಿ ಮಾಡಿದ್ರು. ದೇಶದ ಎಣಿಕೆ ಮಾತ್ರ ಆಗಲೂ ಹೆಜ್ಜೆ ಗುರುತಿನ ಲೆಕ್ಕದಲ್ಲೇ ನಡೀತಿತ್ತು, ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲೆ ಹುಲಿ ಇದ್ವು, 2004-05ರ ಹೊತ್ತಿಗೆ ಕಾಡಲ್ಲಿ ಒಂದೂ ಉಳಿದಿರಲಿಲ್ಲ. ಆ ಪೆಟ್ಟು ಬಿದ್ದ ಮೇಲೆ ಕ್ಯಾಮೆರಾ ದೇಶ ತುಂಬಾ ಬಂತು, ಈಗ ನಾಲ್ಕು ವರ್ಷಕ್ಕೊಮ್ಮೆ ಎಣಿಕೆ. 2022ರ ಲೆಕ್ಕದಲ್ಲಿ ಕರ್ನಾಟಕದಲ್ಲಿ 563 ಹುಲಿ.

ಆದ್ರೆ ನಿಮ್ಮ ಅನುಮಾನಕ್ಕೆ ಪೂರ್ತಿ ಉತ್ತರ ಇದಲ್ಲ ಅಂತ ನಂಗೂ ಗೊತ್ತು. ಬಿಸಿ ಮೈ ಅಲ್ಲಾಡಿದ್ರೆ ಕ್ಯಾಮೆರಾ ಕ್ಲಿಕ್ ಆಗುತ್ತೆ, ಅದಕ್ಕೆ ಹುಲಿ ಯಾವುದು ಸೊಪ್ಪಿನ ಹೊರೆ ಹೊತ್ತ ಅಕ್ಕ ಯಾರು ಅಂತ ತಿಳಿಯಲ್ಲ. ನಮ್ಮ ತಂಡದಲ್ಲಿ ಜನರ ಫೋಟೋ ಬಂದ್ರೆ ಮೊದಲ ದಿನಾನೇ ಅಳಿಸ್ತೀವಿ, ಎಲ್ಲಾ ತಂಡದವರೂ ಹಂಗೇ ಮಾಡ್ಬೇಕು ಮತ್ತೆ ಕಟ್ಟೋಕೆ ಮುಂಚೆ ಊರಲ್ಲಿ ಒಂದು ಮಾತು ಹೇಳ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ನೀವೂ ಬಿಡಬೇಡಿ, ಫಾರೆಸ್ಟರ್ ಹತ್ರ ಹೋಗಿ ನೇರ ಕೇಳಿ. ಕ್ಯಾಮೆರಾ ಮಾತ್ರ ತಿರುಗಿಸಬೇಡಿ.

ತೋಟದ ಬೇಲಿ ಹತ್ರ ಮಂಗ ಸತ್ತು ಬಿದ್ದಿದೆ. ಹೂಳಿಬಿಡ್ಲಾ? - ಸಾಗರ ತಾಲ್ಲೂಕು

ಬೇಡ, ಮುಟ್ಟಬೇಡಿ, ಹತ್ರಾನೂ ಹೋಗಬೇಡಿ! ತಕ್ಷಣ ಆಶಾ ಕಾರ್ಯಕರ್ತೆಗೋ ಪಿಎಚ್‌ಸಿಗೋ ಫಾರೆಸ್ಟ್ ಗಾರ್ಡಿಗೋ ಫೋನ್ ಮಾಡಿ. ಮಂಗನ ಕಾಯಿಲೆ ಮೊದಲು ಕಂಡಿದ್ದೇ 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ, ಅದು ಗೊತ್ತಾಗಿದ್ದೂ ಮಂಗ ಸಾಯೋಕೆ ಶುರುವಾದ ಮೇಲೆ. ಮಂಗ ಸತ್ತ ಮೇಲೆ ಮೈ ಆರುತ್ತೆ, ಈ ಕಾಯಿಲೆ ಹರಡೋ ಉಣುಗು ಕೆಳಗಿಳಿದು ಅಲ್ಲೇ ತರಗೆಲೆ ಮೇಲೆ ಮುಂದಿನ ಮೈಗೆ ಕಾಯುತ್ತೆ. ಅಲ್ಲಿ ಬಿಳಿ ಬಟ್ಟೆ ಎಳ್ಕೊಂಡು ಹೋಗೋರನ್ನ ನೋಡಿದ್ರೆ ನಗಬೇಡಿ, ಬಟ್ಟೆಗೆ ಹತ್ತಿದ ಉಣುಗು ಎಣಿಸಿ ವೈರಸ್ ಪರೀಕ್ಷೆಗೆ ಕಳಿಸ್ತಾರೆ. ಯಾವ ಊರಲ್ಲಿ ಎಚ್ಚರಿಕೆ ಕೊಡಬೇಕು ಅಂತ ತೀರ್ಮಾನ ಮಾಡೋಕೆ ಅದು ಬೇಕು. ಮಳೆ ಬಿಟ್ಟ ಮೇಲಿಂದ ಬೇಸಿಗೆ ಮುಗಿಯೋ ತನಕ ಹೆಚ್ಚು ಹುಷಾರು.

ಊರ ಬೆಟ್ಟದಲ್ಲಿ ಅಕೇಶಿಯಾ ಕಟಾವು ಆಗುತ್ತಂತೆ. ಆಮೇಲೆ ನಾವು ಏನು ನೆಡೋಣ? - ಗ್ರಾಮ ಅರಣ್ಯ ಸಮಿತಿ ಸದಸ್ಯರು, ಹೊಸನಗರ ತಾಲ್ಲೂಕು

ನೆಡೋದು ಆಮೇಲೆ, ಮೊದಲು ಬಗ್ಗಿ ನೋಡಿ. ಎಲ್ಲರೂ ಅಕೇಶಿಯಾದ ನೆತ್ತಿ ನೋಡಿ ಬೈತಾರೆ, ಅದರ ಬುಡದಲ್ಲಿ ಏನು ಎದ್ದಿದೆ ಅಂತ ಯಾರೂ ನೋಡಲ್ಲ. 10 ಮೀಟರ್ ಚೌಕದಲ್ಲಿ ಹಗ್ಗ ಕಟ್ಟಿ, ಒಳಗಿರೋ ಕಾಡು ಸಸಿ ಎಲ್ಲಾ ಎಣಿಸಿ. ಬೆಟ್ಟದಲ್ಲಿ ಬೇರೆ ಬೇರೆ ಕಡೆ ಇಂಥ ಹತ್ತು ಚೌಕ ಮಾಡಿ, ಬರೀ ಚೆಂದ ಇರೋ ಜಾಗ ಆರಿಸ್ಕೋಬೇಡಿ. ಪಕ್ಕದಲ್ಲಿ ಕಾನು (ದಟ್ಟ ಹಳೇ ಕಾಡು) ಇದ್ರೆ ಪಿಕಳಾರ, ಮಂಗಟ್ಟೆಯಂಥ ಹಕ್ಕಿಗಳು ಒಂದಷ್ಟು ಬೀಜ ತಂದು ಹಾಕಿರ್ತವೆ, ಗಾಳಿ ಒಂದಷ್ಟು ತಂದಿರುತ್ತೆ, ನೇರಳೆ, ಮತ್ತಿ, ಹೊನ್ನೆ, ಮುರುಗಲು ಸಸಿ ಮೊಣಕಾಲುದ್ದ ಎದ್ದಿರೋದು ಸಿಗಬಹುದು. ಅಂಥ ಕಡೆ ಜೆಸಿಬಿ ತಂದು ಗುಂಡಿ ತೋಡಿ ನರ್ಸರಿ ಗಿಡ ನೆಡೋದು ಇರೋ ಕಾಡು ಕಿತ್ತು ಹೊಸ ಕಾಡು ಮಾಡಿದ ಹಾಗೆ. ದನ, ಬೆಂಕಿ ತಡೆದು ಬಿಟ್ರೆ ಸಾಕು. ಸಸಿ ಏನೂ ಇಲ್ಲದ ಕಡೆ ಮಾತ್ರ ನೆಡಿ.

ಕಡಿದ ಜಾಗಕ್ಕೆ ಬೆಂಕಿ ಮಾತ್ರ ಹಾಕಬೇಡಿ. ಆಸ್ಟ್ರೇಲಿಯಾ ಕಡೆಯಿಂದ ಬಂದ ಈ ಮರದ ಬೀಜದ ಸಿಪ್ಪೆ ಗಟ್ಟಿ, ಮಣ್ಣಲ್ಲಿ ವರ್ಷಗಟ್ಲೆ ಮಲಗಿರುತ್ತೆ, ಬಿಸಿ ತಾಗಿದ್ರೆ ಅದೇ ನೆಪ, ಮಳೆ ಬಿದ್ದ ಕೂಡ್ಲೆ ರಾಗಿ ಒಟ್ಲು ಹಾಕಿದ ಹಾಗೆ ಏಳುತ್ತೆ. ಎದ್ದಿದ್ದನ್ನ ಮೊದಲ ಎರಡು ಮಳೆಗಾಲ ಕೈಯಲ್ಲೇ ಕೀಳಬಹುದು, ಆಮೇಲೆ ಕತ್ತಿ ಬೇಕು. ಬೆಟ್ಟದ ಮೇಲಿನ ಬೇಣದಲ್ಲಿ ಮರಾನೇ ಬೇಡ, ಅದು ಹುಟ್ಟಿದ್ದೇ ಹುಲ್ಲಿಗೆ, ಖಾಲಿ ಜಾಗ ಅಂತ ಪಟ್ಟಿಗೆ ಸೇರಿಸ್ಬೇಡಿ ಅಂತ ಸಮಿತಿ ಮೀಟಿಂಗಲ್ಲೇ ಬರೆಸಿ.

ಚೌಕದ ನಾಲ್ಕು ಮೂಲೆಗೂ ಕಲ್ಲು ನೆಟ್ಟು ಬಣ್ಣ ಬಳಿದಿಡಿ. ಮುಂದಿನ ವರ್ಷ ಅದೇ ತಿಂಗಳು ಅದೇ ಚೌಕ ಎಣಿಸ್ಬೇಕಲ್ಲ, ಅಷ್ಟು ಹೊತ್ತಿಗೆ ಹಗ್ಗ ಯಾರಾದ್ರೂ ದನಕ್ಕೆ ಕಟ್ಕೊಂಡು ಹೋಗಿರ್ತಾರೆ.