ಅತ್ತೆಯ ಆರೈಕೆ, ತಪ್ಪಿಹೋದ ಪೂಜೆ

ಓದುಗರ ಪತ್ರ: ಪಾರ್ಶ್ವವಾಯು ಬಡಿದು ಅತ್ತೆ ಹಾಸಿಗೆ ಹಿಡಿದಿದ್ದಾರೆ. ಅವರನ್ನು ಬಿಟ್ಟು ಚರ್ಚಿನ ಭಾನುವಾರದ ಪೂಜೆಗೆ ಹೋಗಲು ಆಗುತ್ತಿಲ್ಲ. ‘ದೇವರನ್ನೇ ಮರೆತಳು’ ಎಂದು ನಾದಿನಿ ಎಲ್ಲರ ಹತ್ತಿರ ಹೇಳುತ್ತಾರೆ. ನೆರೆಯವರನ್ನು ಪ್ರೀತಿಸಿದರೆ ದೇವರನ್ನು ಪ್ರೀತಿಸಿದಂತೆ ಅಂತಾರಲ್ಲ, ನಾನು ಮಾಡುತ್ತಿರುವುದೂ ಅದೇನಾ? ಎಷ್ಟೋ ಸಲ ಸಿಟ್ಟಿನಲ್ಲೇ ಮಾಡುತ್ತೇನೆ. ಅಂಥ ಸೇವೆ ದೇವರಿಗೆ ಮುಟ್ಟುತ್ತದಾ?
– ಒಬ್ಬ ಓದುಗರು, ಉಡುಪಿ ಜಿಲ್ಲೆ

ಸಂಪಾದಕರ ಉತ್ತರ:

ಪ್ರಿಯ ಸಹೋದರಿ,

ಮೊದಲು ಪೂಜೆಯ ವಿಷಯ ಮುಗಿಸಿಬಿಡೋಣ. ಕಾಯಿಲೆ, ಹಸುಗೂಸಿನ ಆರೈಕೆಯಂಥ ಬಲವಾದ ಕಾರಣವಿದ್ದರೆ ಭಾನುವಾರದ ಪೂಜೆಗೆ ವಿನಾಯಿತಿ ಇದೆ ಎಂದು ಕಥೋಲಿಕ ಧರ್ಮಸಭೆಯೇ ಹೇಳುತ್ತದೆ. ಅಂದಹಾಗೆ, ನಿಮ್ಮ ನಾದಿನಿಗೆ ಅಷ್ಟು ಚಿಂತೆಯಿದ್ದರೆ ಭಾನುವಾರ ಬೆಳಿಗ್ಗೆ ಬಂದು ತಾಯಿಯ ಹತ್ತಿರ ಸ್ವಲ್ಪ ಹೊತ್ತು ಕೂರಬಹುದು, ಅಲ್ವಾ?

ಸಿಟ್ಟಿನ ಪ್ರಶ್ನೆ ಮಾತ್ರ ಇಷ್ಟು ಸುಲಭದ್ದಲ್ಲ. ಲಿಸಿಯೂವಿನ ಸಂತ ತೆರೇಸಾ ನೆನಪಾಗುತ್ತಾರೆ. 1888ರಲ್ಲಿ, 15ನೇ ವಯಸ್ಸಿಗೇ ಫ್ರಾನ್ಸಿನ ಕಾರ್ಮೆಲ್ ಎಂಬ ಸನ್ಯಾಸಿನಿಯರ ಮಠ ಸೇರಿದವರು. ಅಲ್ಲಿ ನಡೆಯಲಾಗದ ಒಬ್ಬ ವಯಸ್ಸಾದ ಸಿಸ್ಟರ್ ಇದ್ದರು. ಸಂಜೆ ಪ್ರಾರ್ಥನೆಯ ನಡುವೆಯೇ ಎದ್ದು ಅವರನ್ನು ಊಟದ ಕೋಣೆಗೆ ಕರೆದೊಯ್ಯಬೇಕಿತ್ತು. ಬೇಗ ನಡೆದರೆ ‘ಬೀಳಿಸುತ್ತೀಯ’ ಎಂಬ ಗೊಣಗಾಟ. ಮೆಲ್ಲಗೆ ನಡೆದರೆ ‘ಕೈಬಿಟ್ಟೆ’ ಎಂಬ ಗೊಣಗಾಟ. ಈ ಕೆಲಸಕ್ಕೆ ಮುಂದಾಗಲು ತಮಗೆ ಮನಸ್ಸೇ ಇರಲಿಲ್ಲ ಎಂಬುದನ್ನು ತೆರೇಸಾ ಮುಚ್ಚಿಟ್ಟಿಲ್ಲ. ಆದರೂ ಮಾಡಿದರು. ಆ ಸಿಸ್ಟರ್ ಬ್ರೆಡ್ ಕತ್ತರಿಸಲು ಒದ್ದಾಡುವುದನ್ನು ಕಂಡು, ಯಾರೂ ಹೇಳದಿದ್ದರೂ ಅದನ್ನೂ ಕತ್ತರಿಸಿಕೊಟ್ಟು, ನಕ್ಕು, ಹೊರಡುತ್ತಿದ್ದರು. 24ನೇ ವಯಸ್ಸಿಗೆ ತೀರಿಕೊಂಡ ಈ ಹುಡುಗಿಯನ್ನು ಧರ್ಮಸಭೆ 1997ರಲ್ಲಿ ತನ್ನ ಮಹಾ ಬೋಧಕರ ಸಾಲಿಗೆ ಸೇರಿಸಿತು. ಸಂತರಿಗೂ ಬೇಜಾರು ಬರುತ್ತಿತ್ತು. ನಿಮಗೆ ಬಂದರೆ ಆಶ್ಚರ್ಯವೇನು?

ಬೈಬಲಿನ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ, ಹಸಿದವರಿಗೆ ಉಣಿಸಿದ ಜನರಿಗೆ ‘ನಾನು ಹಸಿದಿದ್ದಾಗ ಊಟ ಕೊಟ್ಟಿರಿ’ ಎಂದು ಯೇಸು ಹೇಳಿದಾಗ ಅವರು ತಬ್ಬಿಬ್ಬಾಗುತ್ತಾರೆ. ನಿನ್ನನ್ನು ಯಾವಾಗ ನೋಡಿದೆವು ಸ್ವಾಮೀ ಅಂತಾರೆ. ನನಗೆ ತುಂಬಾ ಇಷ್ಟವಾದ ಜಾಗ ಇದು. ಅವರು ಪುಣ್ಯದ ಲೆಕ್ಕ ಇಟ್ಟಿರಲಿಲ್ಲ. ಎದುರಿಗೆ ಹಸಿದವನಿದ್ದ, ಅಷ್ಟೇ. ಹಾಗಾಗಿ ಗಂಜಿ ಕುಡಿಸುವಾಗ ಇದು ದೇವರಿಗೆ ಮುಟ್ಟಿತೇ ಅಂತ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಗಂಜಿ ಬಿಸಿ ಜಾಸ್ತಿ ಇದೆಯಾ ನೋಡಿ.

ಇನ್ನೊಂದು ಮಾತು. ಒಳ್ಳೆಯ ಸಮಾರ್ಯದವನ ಕಥೆಯನ್ನು ನಾವು ಅರ್ಧಕ್ಕೇ ನಿಲ್ಲಿಸುತ್ತೇವೆ. ಲೂಕನ ಸುವಾರ್ತೆಯ 10ನೇ ಅಧ್ಯಾಯ ಪೂರ್ತಿ ಓದಿ. ಅವನು ದಾರಿಯಲ್ಲಿ ಬಿದ್ದಿದ್ದ ಗಾಯಾಳುವಿನ ಗಾಯ ಕಟ್ಟಿದ, ಛತ್ರಕ್ಕೆ ಕರೆತಂದು ಆರೈಕೆ ಮಾಡಿದ. ಮರುದಿನ ಛತ್ರದವನಿಗೆ 2 ದಿನಾರಿ, ಅಂದರೆ ಎರಡು ದಿನದ ಕೂಲಿ ಕೊಟ್ಟು, ಇವನನ್ನು ನೋಡಿಕೋ, ಹೆಚ್ಚು ಖರ್ಚಾದರೆ ಬಂದಾಗ ಕೊಡುತ್ತೇನೆ ಎಂದು ತನ್ನ ದಾರಿ ಹಿಡಿದ. ಎಲ್ಲವನ್ನೂ ಒಬ್ಬನೇ ಹೊರಲಿಲ್ಲ. ನಿಮ್ಮ ಸಿಟ್ಟಿಗೆ ಪ್ರೀತಿಯ ಕೊರತೆಗಿಂತ ನಿದ್ದೆಯ ಕೊರತೆಯೇ ಕಾರಣವಿರಬಹುದು. ಗಂಡನಿಗೆ, ನಾದಿನಿಗೆ ಸರದಿ ಹಂಚಿ. ನಾಚಿಕೆ ಬೇಡ.

ಹಾಗಂತ ಸೇವೆ ಮಾಡಿದ್ದೇನಲ್ಲ, ಪ್ರಾರ್ಥನೆ ಯಾಕೆ ಎಂದು ಜಪಸರವನ್ನು ಪೆಟ್ಟಿಗೆಗೆ ಹಾಕಬೇಡಿ. ತೆರೇಸಾ ಎದ್ದು ಹೋಗುತ್ತಿದ್ದದ್ದು ಪ್ರಾರ್ಥನೆಯಿಂದಲೇ. ಅತ್ತೆಗೆ ಪರಮಪ್ರಸಾದವನ್ನು, ಅಂದರೆ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯನ್ನು, ಮನೆಗೇ ತಂದುಕೊಡುವಂತೆ ನಿಮ್ಮ ಚರ್ಚಿನ ಫಾದರನ್ನು ಈ ವಾರವೇ ಕೇಳಿ. ನೀವೂ ಪಕ್ಕದಲ್ಲಿ ಕೂತು ಸ್ವೀಕರಿಸಬಹುದು.

– ಸಂಪಾದಕ